ಟೊಮೆಟೊ ದರದ ಜೊತೆಗೆ ಬರುವ ಸ್ತ್ರೀವಾದ ವಿರೋಧ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವಳು, ಕಾಲೇಜೊಂದರಲ್ಲಿ ಉಪನ್ಯಾಸಕಿ. ನನ್ನ ತಮ್ಮ ಮಾವು, ಟೊಮೆಟೊ ಬೆಳೆಯುತ್ತಾನೆ. ಮನೆಯ ಹೆಣ್ಣುಮಕ್ಕಳ ಜೊತೆ ಅವನು ಎಂದೂ ಒರಟಾಗಿ ನಡೆದುಕೊಂಡವನಲ್ಲ. ಆದರೆ ಈಚೆಗೆ ಅವನ ಬಾಯಲ್ಲಿ ‘ಕಾನೂನೆಲ್ಲ ಹೆಂಗಸರ ಕಡೆಗೇ’, ‘ಹೆಣ್ಣುಮಕ್ಕಳನ್ನು ಓದಿಸಿದ್ದಕ್ಕೇ ಸಂಸಾರಗಳು ಒಡೀತಿರೋದು’, ‘ಫೆಮಿನಿಸ್ಟ್‌ಗಳಿಂದ ಗಂಡಸರು ಸಾಯ್ತಿದಾರೆ’ ಎಂಬ ಮಾತುಗಳು ಬರುತ್ತಿವೆ. ಅವೇ ಮಾತುಗಳನ್ನು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ನನ್ನ ವಿದ್ಯಾರ್ಥಿಗಳಿಂದಲೂ ನಮ್ಮ ಸೋದರತ್ತೆಯಿಂದಲೂ ಕೇಳಿದ್ದೇನೆ. ಇವರು ಯಾರೂ ಯಾವ ಸಂಘಟನೆಗೂ ಸೇರಿದವರಲ್ಲ. ಈ ವಿಚಾರಗಳು ಇವರನ್ನು ತಲುಪುತ್ತಿರುವುದು ಹೇಗೆ? ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ‘ಇವರು ಯಾರೂ ಯಾವ ಸಂಘಟನೆಗೂ ಸೇರಿದವರಲ್ಲ’ ಎಂಬ ಸಾಲು. ಸ್ತ್ರೀವಾದದ ವಿರುದ್ಧ ಹಟಹಿಡಿದು ಪ್ರಚಾರ ಮಾಡುವ ಗುಂಪುಗಳು ಇವೆ, ಅವುಗಳ ಬಗ್ಗೆ ಅಧ್ಯಯನಗಳೂ ಸಾಕಷ್ಟು ನಡೆದಿವೆ. ಆ ಗುಂಪುಗಳ ಹೆಸರನ್ನೇ ಕೇಳದ ಬೇಸಾಯಗಾರ, ಬಿ.ಕಾಂ. ವಿದ್ಯಾರ್ಥಿ, ವಯಸ್ಸಾದ ಸೋದರತ್ತೆ ಅವುಗಳ ಮಾತನ್ನು ತಮ್ಮ ಸ್ವಂತ ಅನುಭವದ ಮಾತೆಂಬಂತೆ ಆಡತೊಡಗುವುದು ಹೇಗೆ ಎಂಬುದೇ ಬಿಡಿಸಬೇಕಾದ ಗಂಟು. ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಈ ವಿಷಯದ ಬಗ್ಗೆ ಬಹುಕಾಲದಿಂದ ಮಾತನಾಡುತ್ತ, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತ ಬಂದಿರುವ ನನಗೆ ಅರ್ಥವಾಗಿರುವುದು ಇಷ್ಟು: ಈ ವಿಚಾರಗಳು ವಾದ ಮಾಡಿ ಗೆಲ್ಲುವುದಿಲ್ಲ. ಕೇಳುವವನ ಬದುಕಿನಲ್ಲಿ ಮೊದಲೇ ಇರುವ ನಿಜವಾದ ನೋವೊಂದನ್ನು, ಕೆಲವೊಮ್ಮೆ ನಿಜವಾದ ಅಂಕಿಯೊಂದನ್ನೂ ಎತ್ತಿಕೊಂಡು, ‘ಇದಕ್ಕೆ ಕಾರಣ ಯಾರು’ ಎಂಬ ಒಂದು ಜಾಗದಲ್ಲಿ ಮಾತ್ರ ಹೆಣ್ಣಿನ ಹೆಸರು ಬರೆಯುತ್ತವೆ. ಉಳಿದದ್ದೆಲ್ಲ ನಿಜವಾಗಿರುವುದರಿಂದ ಆ ಒಂದು ಸುಳ್ಳು ಪರೀಕ್ಷೆಯಿಲ್ಲದೆ ಒಳಗೆ ಹೋಗುತ್ತದೆ.

ಮೊದಲು ಬರುವ ದಾರಿಯನ್ನು ನೋಡೋಣ. ನಿಮ್ಮ ತಮ್ಮ ಟೊಮೆಟೊ ಬೆಳೆಯುವವರಾದ್ದರಿಂದ ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯ ದರ ಹೇಳುವ ವಾಟ್ಸ್‌ಆ್ಯಪ್ ಗುಂಪೊಂದು ಅವರ ಫೋನಿನಲ್ಲಿ ಇದ್ದೇ ಇರುತ್ತದೆ. ಅಂಥದೊಂದು ಗುಂಪಿನ ಒಂದು ದಿನದ ಸಂದೇಶಗಳನ್ನು ಬೆಳೆಗಾರರೊಬ್ಬರು ನನಗೆ ತೋರಿಸಿದ್ದರು. ಬೆಳಿಗ್ಗೆ ಹದಿನೈದು ಕೆ.ಜಿ. ಬಾಕ್ಸಿನ ಹರಾಜು ದರ ಮತ್ತು ಯಾವ ಮಂಡಿಗೆ ಎಷ್ಟು ಮಾಲು ಬಂದಿದೆ ಎಂಬ ವಿವರ. ಮಧ್ಯಾಹ್ನ ಎಲೆ ಮುದುಡು ರೋಗಕ್ಕೆ ಯಾವ ಔಷಧ ಹೊಡೆಯಬೇಕೆಂಬ ಚರ್ಚೆ. ಸಂಜೆ ಜಾತ್ರೆಯ ಆಹ್ವಾನ ಪತ್ರಿಕೆ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಹೆಂಡತಿಯನ್ನು ಗೇಲಿ ಮಾಡುವ ಎರಡು ಜೋಕು, ಅದರ ಬೆನ್ನಿಗೇ ಗಂಡಸರಿಗೂ ಒಂದು ಆಯೋಗ ಬೇಡವೇ ಎಂದು ಆವೇಶದಿಂದ ಕೇಳುವ ಚಿಕ್ಕ ವಿಡಿಯೊ. ಅದಕ್ಕೆ ಬಂದ ಪ್ರತಿಕ್ರಿಯೆ ಎಂದರೆ ನಗುವ ಮುಖದ ಚಿಹ್ನೆಗಳು ಮತ್ತು ಕೈಮುಗಿಯುವ ಒಂದು ಚಿಹ್ನೆ. ಮರುದಿನ ಬೆಳಿಗ್ಗೆ ಮತ್ತೆ ದರದ ಪಟ್ಟಿ.

ಈ ಗುಂಪಿನಲ್ಲಿ ದರ ಹಾಕುವ ವ್ಯಕ್ತಿ ಸುಳ್ಳು ಹೇಳಿದರೆ ನಿಮ್ಮ ತಮ್ಮನಿಗೆ ಅಂದೇ ನಷ್ಟ. ಅವರು ವರ್ಷಗಳಿಂದ ಸರಿಯಾದ ದರ ಹೇಳಿದ್ದಾರೆ, ಆದ್ದರಿಂದ ಅವರ ಮೇಲೆ ನಂಬಿಕೆ ಬೆಳೆದಿದೆ, ಮತ್ತು ರಾತ್ರಿಯ ವಿಡಿಯೊ ಅದೇ ನಂಬಿಕೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಚೀಟಿ ಗುಂಪು, ಎಸ್.ಎಸ್.ಎಲ್.ಸಿ. ಸಹಪಾಠಿಗಳ ಗುಂಪು, ವಾಲಿಬಾಲ್ ತಂಡದ ಗುಂಪು, ಜಾತಿ ಸಂಘದ ಗುಂಪು, ಎಲ್ಲ ಕಡೆಯೂ ಇದೇ ನಡೆಯುತ್ತದೆ. ರಾಜಕೀಯದ ಗುಂಪಿನಲ್ಲಿ ಬಂದ ಮಾತನ್ನು ನಾವು ತುಸು ಎಚ್ಚರದಿಂದ ಓದುತ್ತೇವೆ, ದರದ ಗುಂಪಿನಲ್ಲಿ ಆ ಎಚ್ಚರ ಇರುವುದಿಲ್ಲ. ಬಂದದ್ದು ಜೋಕಿನ ರೂಪದಲ್ಲಿದ್ದರಂತೂ ಅದನ್ನು ಪ್ರಶ್ನಿಸಿದವರು ನಗಲು ಬಾರದವರೆನಿಸಿಕೊಳ್ಳುತ್ತಾರೆ, ಹಾಗಾಗಿ ಯಾರೂ ಪ್ರಶ್ನಿಸುವುದಿಲ್ಲ. ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆಂದು ಅನ್ನಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ವಾಟ್ಸ್‌ಆ್ಯಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು, ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ 2020ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಇದರಿಂದ ವೇಗ ತಗ್ಗಿತು. ಆದರೆ ನಂಬಿದವನು ತನ್ನ ನಾಲ್ಕು ಗುಂಪುಗಳಿಗೆ ಒಂದೊಂದಾಗಿ ಕಳಿಸುವುದನ್ನು ಯಾವ ಮಿತಿಯೂ ತಡೆಯಲಾರದು.

ಆ ವಿಡಿಯೊಗಳ ಮೂಲ ಎಷ್ಟೋ ಸಲ ಕೋಲಾರವಲ್ಲ, ಕರ್ನಾಟಕವೂ ಅಲ್ಲ. ನಿಮ್ಮ ವಿದ್ಯಾರ್ಥಿಗಳು ಸಲೀಸಾಗಿ ಬಳಸುವ ‘ಸಿಗ್ಮಾ’ ಗಂಡಸಿನ, ಅಂದರೆ ಯಾರ ಹಂಗೂ ಇಲ್ಲದೆ ಒಂಟಿಯಾಗಿ ಗೆಲ್ಲುವ ಗಂಡಸಿನ, ಕಲ್ಪನೆಯನ್ನು 2010ರಲ್ಲಿ ಹುಟ್ಟುಹಾಕಿದವನು ಅಮೆರಿಕದ ಬಲಪಂಥೀಯ ಬರಹಗಾರನೊಬ್ಬ. ಹೆಂಗಸರನ್ನು ಕೀಳಾಗಿಸಿ ಮಾತಾಡುವ ಮಾಜಿ ಕಿಕ್‌ಬಾಕ್ಸರ್ ಆಂಡ್ರ್ಯೂ ಟೇಟ್ 2022ರಲ್ಲಿ ಹೆಸರಾದ ಬಗೆ ಇನ್ನೂ ಸ್ಪಷ್ಟವಾದ ಉದಾಹರಣೆ. ಹಣ ಕೊಟ್ಟು ಅವನ ಕೋರ್ಸಿಗೆ ಸೇರಿದವರಿಗೆ ಅವನ ಮಾತಿನ ತುಣುಕುಗಳನ್ನು ಕತ್ತರಿಸಿ ಎಲ್ಲೆಡೆ ಹಾಕಲು ಹುರಿದುಂಬಿಸಲಾಗುತ್ತಿತ್ತು, ಹೊಸ ಸದಸ್ಯರನ್ನು ತಂದರೆ ಕಮಿಷನ್ ಸಿಗುತ್ತಿತ್ತು. ಆ ವರ್ಷದ ಆಗಸ್ಟ್ ಹೊತ್ತಿಗೆ ಅವನ ಹೆಸರಿನ ಟ್ಯಾಗ್ ಇರುವ ಟಿಕ್‌ಟಾಕ್ ವಿಡಿಯೊಗಳ ವೀಕ್ಷಣೆ 1,160 ಕೋಟಿ ದಾಟಿತ್ತು. ಅದೇ ತಿಂಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಅವನ ಖಾತೆಗಳನ್ನು ತೆಗೆದುಹಾಕಿದವು. ತುಣುಕುಗಳು ಬೇರೆಯವರ ಖಾತೆಗಳಲ್ಲಿದ್ದುದರಿಂದ ಹರಿಯುತ್ತಲೇ ಇದ್ದವು. ಹೀಗೆ ಹಂಚಿದವರಲ್ಲಿ ಬಹಳ ಮಂದಿಗೆ ಹೆಂಗಸರ ಮೇಲಿನ ದ್ವೇಷಕ್ಕಿಂತ ಕಮಿಷನ್ ಮುಖ್ಯವಾಗಿತ್ತು ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ ಕೊನೆಯಲ್ಲಿ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಜಗತ್ತಿನಲ್ಲೇ ಮೊದಲು ಪರೀಕ್ಷಿಸಿದ್ದು ಭಾರತದಲ್ಲಿ. ಚಿಕ್ಕ ವಿಡಿಯೊ ನೋಡುವ ರೂಢಿ ಬಿಡಲಿಲ್ಲ, ಅಂಗಡಿ ಬದಲಾಯಿತು. ಕೋಲಾರದ ಮಟ್ಟಿಗೆ ಇನ್ನೊಂದು ವಿಶೇಷವಿದೆ. ನಮ್ಮಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಸಾವಿರಾರು, ಕೆ.ಜಿ.ಎಫ್. ಕಡೆ ತಮಿಳು, ಪೇಟೆಗಳಲ್ಲಿ ಉರ್ದು. ಆದ್ದರಿಂದ ಒಂದು ವಿಚಾರ ಕನ್ನಡಕ್ಕೆ ಬರುವವರೆಗೆ ಕಾಯಬೇಕಾದ ಪ್ರಮೇಯವೇ ಇಲ್ಲಿಲ್ಲ. ಹಿಂದಿ ಪಾಡ್‌ಕಾಸ್ಟಿನ ತುಣುಕೂ ತೆಲುಗಿನ ರೀಲೂ ನೇರವಾಗಿ ತಲುಪುತ್ತವೆ. ಅಮೆರಿಕದ ಮೂಲದಲ್ಲಿ ಪ್ರಣಯ ಸಂಬಂಧಗಳ ಬಗ್ಗೆ ಇದ್ದ ದೂರು ಇಲ್ಲಿಗೆ ಬರುವಾಗ ಜೀವನಾಂಶ, ಅತ್ತೆಮಾವಂದಿರ ಆರೈಕೆ, ಉಚಿತ ಬಸ್ಸು ಎಂದು ಬದಲಾಗುತ್ತದೆ. ನಿಮ್ಮ ಮೂವರೂ ಒಂದೇ ಪದಗಳಲ್ಲಿ ಮಾತಾಡುವುದಕ್ಕೆ ಕಾರಣ ಇದೇ: ಮೂವರಿಗೂ ಸಿಕ್ಕಿರುವುದು ಒಂದೇ ಅಚ್ಚಿನಿಂದ ತೆಗೆದ ಬೇರೆ ಬೇರೆ ಪ್ರತಿಗಳು.

ಹುಡುಕದಿದ್ದರೂ ಇವು ಕಣ್ಣಿಗೆ ಬೀಳುತ್ತವೆಯೇ ಎಂದರೆ, ಬೀಳುತ್ತವೆ. ಐರ್ಲೆಂಡಿನ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದ, ಎಳೆಯ ವಯಸ್ಸಿನ ಗಂಡುಮಕ್ಕಳ ಹೆಸರಿನಲ್ಲಿ ಹತ್ತು ಪ್ರಾಯೋಗಿಕ ಖಾತೆಗಳನ್ನು ತೆರೆದು ಟಿಕ್‌ಟಾಕ್ ಮತ್ತು ಯೂಟ್ಯೂಬ್ ಶಾರ್ಟ್ಸ್ ನೋಡಿದರು. ಕೆಲವು ಖಾತೆಗಳು ಇಂಥ ವಿಷಯವನ್ನು ಹುಡುಕಿದವು, ಕೆಲವು ಹುಡುಕಲೇ ಇಲ್ಲ. ಎರಡೂ ಬಗೆಯ ಖಾತೆಗಳಿಗೆ ಮೊದಲ 23 ನಿಮಿಷಗಳೊಳಗೆ ಗಂಡಸುತನದ ಹೆಸರಿನಲ್ಲಿ ಹೆಣ್ಣನ್ನು ಹಳಿಯುವ ವಿಡಿಯೊ ಎದುರಾಯಿತು. ಎರಡು ಮೂರು ಗಂಟೆ ನೋಡಿದ ಮೇಲೆ ಶಿಫಾರಸಾಗುತ್ತಿದ್ದ ವಿಡಿಯೊಗಳಲ್ಲಿ ನಾಲ್ಕರಲ್ಲಿ ಮೂರು ಅಂಥವೇ ಆಗಿದ್ದವು. ಇದರ ಹಿಂದೆ ಸ್ತ್ರೀದ್ವೇಷಿ ಎಂಜಿನಿಯರನನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಯಾವ ವಿಡಿಯೊದ ಮೇಲೆ ಬೆರಳು ಹೆಚ್ಚು ಹೊತ್ತು ನಿಂತಿತು ಎಂಬುದನ್ನು ಯಂತ್ರ ಅಳೆಯುತ್ತದೆ, ಅದರಂಥದನ್ನೇ ಮುಂದೆ ಕೊಡುತ್ತದೆ. ಕೋಪದಿಂದ ನಿಂತಿತೋ, ಒಪ್ಪಿ ನಿಂತಿತೋ ಅದಕ್ಕೆ ಸಂಬಂಧವಿಲ್ಲ. ಕೋಪಕ್ಕೆ ಈ ಲೆಕ್ಕದಲ್ಲಿ ಬೆಲೆ ಜಾಸ್ತಿ. ಫೇಸ್‌ಬುಕ್ 2017ರಲ್ಲಿ ಸಿಟ್ಟಿನ ಮುಖದ ಚಿಹ್ನೆಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು ಅದರ ಆಂತರಿಕ ದಾಖಲೆಗಳಿಂದಲೇ ಹೊರಬಂತು. ಯೂಟ್ಯೂಬ್ 2023ರ ಫೆಬ್ರವರಿಯಿಂದ ಶಾರ್ಟ್ಸ್ ಜಾಹೀರಾತಿನ ಆದಾಯದಲ್ಲಿ ಶೇ 45ರಷ್ಟನ್ನು ವಿಡಿಯೊ ಮಾಡುವವರಿಗೆ ಹಂಚುತ್ತಿದೆ. ಹೀಗಿರುವಾಗ ಗಂಡಹೆಂಡಿರ ಜಗಳವನ್ನು ಉರಿಸಿ ತೋರಿಸುವುದು ಸಣ್ಣ ಊರಿನ ಹುಡುಗನೊಬ್ಬನಿಗೆ ಸಿಗಬಹುದಾದ ಸುಲಭವಾದ ಸಂಪಾದನೆ.

ಇಷ್ಟನ್ನು ಹೇಳಿ ಎಲ್ಲವೂ ಫೋನಿನಿಂದ ಬಂತು ಎಂದು ಬಿಟ್ಟರೆ ನಾನು ನಿಮಗೆ ಅರ್ಧ ಉತ್ತರ ಕೊಟ್ಟಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರ ಅವಧಿಯಲ್ಲಿ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ಅದು ದೇಶದಲ್ಲೇ ಅತಿ ಹೆಚ್ಚು. ಅಡುಗೆ ಸರಿಯಿಲ್ಲ, ಹೇಳದೆ ಹೊರಗೆ ಹೋದಳು, ಅತ್ತೆಮಾವಂದಿರಿಗೆ ಮರ್ಯಾದೆ ಕೊಡಲಿಲ್ಲ ಎಂಬಂಥ ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿ ಎಂದು ರಾಜ್ಯದ ಶೇ 81.9 ಗಂಡಸರೂ ಶೇ 76.9 ಹೆಂಗಸರೂ ಹೇಳಿದರು. ಈ ನಂಬಿಕೆ ರೀಲ್ಸ್ ಬರುವ ಮುಂಚೆಯೇ ಮನೆಗಳಲ್ಲಿ ಇತ್ತು. ಹಿಂದೆ ಅದು ಹಿರಿಯರ ಬಾಯಲ್ಲಿ ಗಾದೆಯಾಗಿ ಬರುತ್ತಿತ್ತು, ಓದಿದ ಹುಡುಗರು ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುತ್ತಿದ್ದರು. ಈಗ ಅದೇ ಮಾತು ಅಂಕಿಅಂಶ, ಕಾನೂನಿನ ಸೆಕ್ಷನ್ನು, ಕೋಟು ತೊಟ್ಟ ನಿರೂಪಕನ ಸಮೇತ ಬರುವುದರಿಂದ ಓದಿದವರಿಗೆ ಹೊಸ ಜ್ಞಾನವಾಗಿ ಕಾಣುತ್ತದೆ. ನಿಮ್ಮ ಸೋದರತ್ತೆಯಂಥವರಿಗೆ ಅದು ಇನ್ನೊಂದು ಬಗೆಯಲ್ಲಿ ಹಿಡಿಸುತ್ತದೆ. ಅವರು ಬಾಯ್ಮುಚ್ಚಿ ಸಹಿಸಿ ಸಂಸಾರ ಉಳಿಸಿದವರು; ಇಂದಿನ ಹುಡುಗಿ ಸಹಿಸಬೇಕಿಲ್ಲ ಎಂದರೆ ತಾನು ಸಹಿಸಿದ್ದು ವ್ಯರ್ಥವಾಯಿತೇ ಎಂಬ ಕಸಿವಿಸಿ ಅವರಿಗಾಗುತ್ತದೆ. ಸಹಿಸಿದವಳೇ ದೊಡ್ಡವಳು ಎನ್ನುವ ವಿಡಿಯೊ ಆ ಕಸಿವಿಸಿಗೆ ಸಮಾಧಾನ ಕೊಡುತ್ತದೆ.

ಇನ್ನು ನೋವುಗಳ ವಿಷಯ. ನಮ್ಮ ಜಿಲ್ಲೆಯಲ್ಲಿ ಬಲು ಆಳವಾಗಿರುವುದು ಜಮೀನಿನದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಮೂಲಕ 1994ರಲ್ಲಿ, ಬಳಿಕ ಕೇಂದ್ರದ 2005ರ ತಿದ್ದುಪಡಿಯ ಮೂಲಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಜಮೀನಿಗೆ ಬೆಲೆ ಇಲ್ಲದಿದ್ದಾಗ ಈ ಹಕ್ಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೀರೆ, ಅರಿಸಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕೈಗಾರಿಕೆಗಳು ಬಂದ ಮೇಲೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ ಹಾದುಹೋದ ಮೇಲೆ ಅದೇ ಜಮೀನು ಕೋಟಿಗಳ ಮಾತಾಯಿತು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕತಂಗಿಯರ ಸಹಿಯೂ ಬೇಕಾಯಿತು. ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆಸಿ ಸಾಲ ಮಾಡಿಕೊಂಡ, ಅಪ್ಪ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡ ಅಣ್ಣನಿಗೆ, ಮದುವೆಯಾಗಿ ಹೋದ ತಂಗಿ ಸಮಪಾಲು ಕೇಳಿದಾಗ ಕರುಳು ಹಿಂಡಿದಂತಾಗುವುದು ಸಹಜ. ಅವನ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವನ ಸಾಲಕ್ಕೆ ಅಂತರ್ಜಲ ಬತ್ತಿದ್ದು ಕಾರಣ, ಟೊಮೆಟೊ ದರ ನೆಲಕಚ್ಚಿದ್ದು ಕಾರಣ, ಮುಪ್ಪಿನವರ ಆರೈಕೆಯನ್ನು ಸಮಾಜ ಒಬ್ಬ ಮಗನ ಮೇಲೆ, ವಾಸ್ತವದಲ್ಲಿ ಆ ಮಗನ ಹೆಂಡತಿಯ ಮೇಲೆ, ಹೊರಿಸಿದ್ದು ಕಾರಣ. ‘ಓದಿದ ಹೆಣ್ಣು ತವರನ್ನು ಒಡೆಯುತ್ತಾಳೆ’ ಎನ್ನುವ ರೀಲು ಇವನ್ನೆಲ್ಲ ಅಳಿಸಿ ತಂಗಿಯೊಬ್ಬಳನ್ನೇ ಮುಂದೆ ನಿಲ್ಲಿಸುತ್ತದೆ.

ಹೆಣ್ಣು ಸಿಗುತ್ತಿಲ್ಲ ಎಂಬ ಸಂಕಟವೂ ಇಂಥದೇ. ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು 2023ರ ಫೆಬ್ರವರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ. ಅದೇ ವರ್ಷ ವಿಧಾನಸಭಾ ಚುನಾವಣೆಯ ಹೊತ್ತಿಗೆ ಎಚ್.ಡಿ. ಕುಮಾರಸ್ವಾಮಿ ಅವರು ಕೋಲಾರದ ಸಭೆಯೊಂದರಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಯುವತಿಯರಿಗೆ ಎರಡು ಲಕ್ಷ ರೂಪಾಯಿ ಕೊಡುವ ಭರವಸೆ ನೀಡಿದ್ದರು. ಮೂವತ್ತೈದು ದಾಟಿದ ಮಗನಿರುವ ಮನೆಯ ದುಃಖ ಸಣ್ಣದಲ್ಲ. ‘ಹುಡುಗಿಯರಿಗೆ ದುರಾಸೆ, ಸರ್ಕಾರಿ ನೌಕರಿಯವನೇ ಬೇಕು’ ಎನ್ನುವ ವಿಡಿಯೊ ಆ ದುಃಖವನ್ನು ಸಿಟ್ಟಾಗಿ ತಿರುಗಿಸುತ್ತದೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ರಾಜ್ಯದಲ್ಲಿ 948 ಹೆಣ್ಣುಮಕ್ಕಳಿದ್ದರು, ಮತ್ತು 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಭೇದಿಸಿದರು ಎಂಬುದನ್ನು ಆ ವಿಡಿಯೊ ಹೇಳುವುದಿಲ್ಲ. ನಸುಕಿನಲ್ಲೆದ್ದು ಎರಡು ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಹೊಲಕ್ಕೂ ಹೋಗಿಬಂದ ತಾಯಿಯನ್ನು ಕಂಡು ಬೆಳೆದ ಹುಡುಗಿ ನರಸಾಪುರದ ಕಾರ್ಖಾನೆಯ ಸಂಬಳವನ್ನು ಆರಿಸಿಕೊಂಡರೆ ಅದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಸ್ಸಿನ ವಿಷಯ ಚಿಕ್ಕದು, ಆದರೆ ಪ್ರತಿದಿನದ್ದು. ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದಾಗ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಆದೇಶದಲ್ಲೇ ಇತ್ತು. ಪ್ರಯಾಣಿಕರು ಹೆಚ್ಚಾದಷ್ಟು ಬಸ್ಸುಗಳು ಹೆಚ್ಚಲಿಲ್ಲ. ದುಡ್ಡು ಕೊಟ್ಟು ನಿಂತು ಹೋಗುವವನ ಸಿಟ್ಟು ಬಸ್ಸಿನ ಕೊರತೆಯ ಮೇಲೆ ತಿರುಗುವ ಬದಲು ಎದುರಿಗೆ ಕೂತ ಹೆಂಗಸಿನ ಮೇಲೆ ತಿರುಗಿತು. ಆ ಹೆಂಗಸರಲ್ಲಿ ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರನ್ನು ಬಿಟ್ಟು ದೇವಸ್ಥಾನಕ್ಕೆ ಹೊರಟವರ ನೂಕುನುಗ್ಗಲನ್ನೇ ಆರಿಸಿ ಹಾಕಿದ ವಿಡಿಯೊಗಳು ಮೊದಲ ತಿಂಗಳುಗಳಲ್ಲಿ ಎಲ್ಲರ ಫೋನಿಗೂ ಬಂದವು.

ನಿಮ್ಮ ತಮ್ಮ ಹೇಳುವ ‘ಗಂಡಸರು ಸಾಯ್ತಿದಾರೆ’ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು, ಏಕೆಂದರೆ ಇದರಲ್ಲಿ ಅಂಕಿ ನಿಜ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಪತ್ನಿ ಮತ್ತು ಆಕೆಯ ಮನೆಯವರ ಮೇಲೆ ಆರೋಪ ಮಾಡಿ ಪ್ರಾಣ ಕಳೆದುಕೊಂಡ ನಂತರ ‘ಒಂದೇ ವರ್ಷದಲ್ಲಿ 81,063 ಗಂಡಂದಿರ ಆತ್ಮಹತ್ಯೆ, ಹೆಂಡತಿಯರು 28,680 ಮಾತ್ರ’ ಎಂಬ ಸಂದೇಶ ಎಲ್ಲೆಡೆ ಹರಿದಾಡಿತು. ಈ ಎರಡೂ ಸಂಖ್ಯೆಗಳು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2021ರ ವರದಿಯಲ್ಲಿವೆ. ಆದರೆ ವರದಿ ಹೇಳುವುದು ಅಷ್ಟು ಮಂದಿ ವಿವಾಹಿತ ಗಂಡಸರು ತೀರಿಕೊಂಡರು ಎಂದು ಮಾತ್ರ. ಹೆಂಡತಿಯ ಕಾರಣದಿಂದ ತೀರಿಕೊಂಡರು ಎಂದು ಎಲ್ಲೂ ಹೇಳುವುದಿಲ್ಲ. ನಮ್ಮ ದೇಶದಲ್ಲಿ ವಯಸ್ಕ ಗಂಡಸರಲ್ಲಿ ಬಹುಪಾಲು ವಿವಾಹಿತರೇ ಆಗಿರುವುದರಿಂದ ರಸ್ತೆ ಅಪಘಾತದಲ್ಲಿ ಸತ್ತ ಗಂಡಸರನ್ನು ಎಣಿಸಿದರೂ ಅವರಲ್ಲಿ ವಿವಾಹಿತರೇ ಹೆಚ್ಚು ಇರುತ್ತಾರೆ. ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ ಒಟ್ಟು ಆತ್ಮಹತ್ಯೆಗಳ ಪೈಕಿ ಮದುವೆಗೆ ಸಂಬಂಧಿಸಿದ ಸಮಸ್ಯೆಗಳಿಂದ ಆದವು ಶೇ 4.8, ಕಾಯಿಲೆಯಿಂದ ಶೇ 18.6, ಇತರ ಕೌಟುಂಬಿಕ ಸಮಸ್ಯೆಗಳಿಂದ ಶೇ 33.2. ಮದುವೆಯ ಕಾರಣದ ಆತ್ಮಹತ್ಯೆಗಳಲ್ಲಿ, ಅದರಲ್ಲೂ ವರದಕ್ಷಿಣೆಯ ವಿಷಯದಲ್ಲಿ, ಹೆಣ್ಣುಮಕ್ಕಳ ಪಾಲೇ ಹೆಚ್ಚು ಎಂದು ವರದಿ ಬಾಯಿಬಿಟ್ಟು ಹೇಳಿದೆ. ಈ ಕಾರಣಗಳನ್ನು ಗುರುತಿಸುವವರು ಪೊಲೀಸರು, ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ, ಆದ್ದರಿಂದ ಈ ವಿಂಗಡಣೆಯನ್ನೂ ಕಣ್ಣುಮುಚ್ಚಿ ನಂಬಬಾರದು.

ಆದರೂ ಆ ಸಾವುಗಳು ಎಲ್ಲಿ ದಟ್ಟವಾಗಿವೆ ಎಂಬುದು ವರದಿಯಿಂದ ತಿಳಿಯುತ್ತದೆ. ಆ ವರ್ಷ ತೀರಿಕೊಂಡ 1,64,033 ಮಂದಿಯಲ್ಲಿ 42,004 ಮಂದಿ ದಿನಗೂಲಿಯವರು, 23,179 ಮಂದಿ ಗೃಹಿಣಿಯರು. ಮೂರರಲ್ಲಿ ಎರಡು ಪಾಲಿನಷ್ಟು ಮಂದಿಯ ವಾರ್ಷಿಕ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ. ಗಂಡಸರ ಆತ್ಮಹತ್ಯೆ ನಿಜವಾಗಿಯೂ ದೊಡ್ಡ ದುರಂತ, ಅದರ ಬಗ್ಗೆ ನಾವು ಮಾತಾಡಿದ್ದು ಸಾಲದು. ಫಾರ್ವರ್ಡ್ ಸಂದೇಶ ಮಾಡುವ ಅನ್ಯಾಯ ಹೆಂಗಸರಿಗೆ ಮಾತ್ರವಲ್ಲ. ಸಾಲ, ಕೂಲಿ, ಕುಡಿತ, ಕಾಯಿಲೆ, ನೋವನ್ನು ಹೇಳಿಕೊಳ್ಳಲಾಗದ ಒಂಟಿತನ ಇವೆಲ್ಲವನ್ನೂ ಅದು ಬದಿಗೆ ಸರಿಸುವುದರಿಂದ ಆ ಗಂಡಸರಿಗೂ ಅನ್ಯಾಯವಾಗುತ್ತದೆ.

ಕಾನೂನಿನ ವಿಷಯದಲ್ಲೂ ಇದೇ ಕ್ರಮ. ಪತ್ನಿಯ ಮೇಲಿನ ಕ್ರೌರ್ಯದ 498ಎ ಕಲಂ 1983ರಲ್ಲಿ ಬಂತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಂಗಳಲ್ಲಿದೆ. ಅದು ಕೆಲವೊಮ್ಮೆ ದುರುಪಯೋಗವಾಗುತ್ತದೆ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ತೆಲಂಗಾಣದ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 10ರಂದು, ಗಂಡನ ಕಡೆಯವರನ್ನೆಲ್ಲ ಸಾರಾಸಗಟಾಗಿ ಆರೋಪಿಗಳನ್ನಾಗಿಸುವ ಪ್ರವೃತ್ತಿಯ ವಿರುದ್ಧ ಎಚ್ಚರಿಸಿತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೂರು ಕೊಟ್ಟ ಕೂಡಲೇ ಇಡೀ ಕುಟುಂಬ ಜೈಲಿಗೆ ಎಂಬ ಮಾತು ಸರಿಯಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ ಪೊಲೀಸರು ಯಾಂತ್ರಿಕವಾಗಿ ಬಂಧಿಸುವಂತಿಲ್ಲ, ಅಗತ್ಯವನ್ನು ಪರಿಶೀಲಿಸಬೇಕು, ಬಂಧನ ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. ಅದೇ ತೀರ್ಪಿನಲ್ಲಿ ಉಲ್ಲೇಖವಾದ ಶೇ 15ರ ಶಿಕ್ಷೆಯ ಪ್ರಮಾಣವನ್ನು ಹಿಡಿದು ಉಳಿದ ಶೇ 85 ಸುಳ್ಳು ಕೇಸು ಎನ್ನುತ್ತಾರೆ. ಖುಲಾಸೆ ಎಂದರೆ ಸುಳ್ಳು ದೂರು ಎಂದು ಅರ್ಥವಲ್ಲ. ಕರ್ನಾಟಕದಲ್ಲಿ ಈ ಅಪರಾಧವನ್ನು ರಾಜಿ ಮಾಡಿಕೊಂಡು ಕೇಸು ಹಿಂಪಡೆಯಲು ಅವಕಾಶವಿಲ್ಲ, ಹೈಕೋರ್ಟಿಗೆ ಹೋಗಿ ರದ್ದುಪಡಿಸಿಕೊಳ್ಳಬೇಕು. ಆದ್ದರಿಂದ ಹಿರಿಯರು ಕೂತು ಪಂಚಾಯಿತಿ ಮಾಡಿ ಮುಗಿಸಿದ ಮೇಲೆ ದೂರು ಕೊಟ್ಟವಳೇ ಕೋರ್ಟಿನಲ್ಲಿ ಮಾತು ಬದಲಿಸುತ್ತಾಳೆ, ಖುಲಾಸೆಯಾಗುತ್ತದೆ. ನಾಲ್ಕು ಗೋಡೆಗಳ ನಡುವೆ ನಡೆದದ್ದಕ್ಕೆ ಸಾಕ್ಷಿ ಸಿಗುವುದೂ ಕಷ್ಟ. ವಿಚ್ಛೇದನವಾದರೆ ಗಂಡನ ಅರ್ಧ ಆಸ್ತಿ ಹೆಂಡತಿಗೆ ಹೋಗುತ್ತದೆ ಎಂಬುದಂತೂ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲದ ಮಾತು. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಡಿ ದುಡಿಮೆಯಿಲ್ಲದ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು. ಇದನ್ನು ಹೇಳಿದಾಗ ತರಗತಿಯಲ್ಲಿ ಹುಡುಗರು ನಂಬದೆ ಮುಖ ನೋಡುತ್ತಾರೆ.

ನೀವು ಏನು ಮಾಡಬಹುದು ಎಂಬುದಕ್ಕೆ ಬರುವ ಮುಂಚೆ ಒಂದು ವಿಷಯ ಹೇಳಬೇಕು. ಸೌದಿ ಅರೇಬಿಯಾದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರು ಮನೆಯ ಹೊರಗೆ ದುಡಿಯುವುದು ತಮಗೆ ಒಪ್ಪಿಗೆ ಎಂದು ಬಹುಪಾಲು ಯುವ ವಿವಾಹಿತ ಗಂಡಸರು ಖಾಸಗಿಯಾಗಿ ಹೇಳಿದರು, ಆದರೆ ಅಕ್ಕಪಕ್ಕದವರು ಒಪ್ಪುವುದಿಲ್ಲವೆಂದು ತಪ್ಪಾಗಿ ತಿಳಿದಿದ್ದರು. ಉಳಿದವರ ನಿಜವಾದ ಅಭಿಪ್ರಾಯವನ್ನು ತಿಳಿಸಿದಾಗ ಹೆಂಡತಿಯರನ್ನು ಕೆಲಸಕ್ಕೆ ಕಳಿಸಲು ಮುಂದಾದವರ ಸಂಖ್ಯೆ ಹೆಚ್ಚಿತು. ದರದ ಗುಂಪಿನಲ್ಲಿ ಇನ್ನೂರು ಜನರಿದ್ದು ಹತ್ತು ಜನ ನಕ್ಕರೆ ಉಳಿದವರ ಮೌನವೂ ಒಪ್ಪಿಗೆಯಾಗಿ ಕಾಣುತ್ತದೆ. ಆ ಮೌನದಲ್ಲಿ ಎಷ್ಟು ಮಂದಿಗೆ ಇರುಸುಮುರುಸು ಆಗಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಉದ್ದನೆಯ ವಾದ ಮಾಡಬೇಕಾಗಿಲ್ಲ, ವಾದ ಮಾಡಿದರೆ ಕೋಪಕ್ಕೆ ಇನ್ನಷ್ಟು ಸೌದೆ ಸಿಗುತ್ತದೆ. ‘ಈ ಸಂದೇಶ ನನಗೆ ಒಪ್ಪಿಗೆಯಿಲ್ಲ, ಈ ಗುಂಪು ದರಕ್ಕಾಗಿ ಇರುವುದು’ ಎಂದು ಒಬ್ಬರು, ಅದರಲ್ಲೂ ಒಬ್ಬ ಗಂಡಸು, ಒಮ್ಮೆ ಬರೆದರೂ ಸುಮ್ಮನಿದ್ದವರಿಗೆ ತಾವು ಒಂಟಿಯಲ್ಲವೆಂದು ತಿಳಿಯುತ್ತದೆ.

ತಮ್ಮನ ಜೊತೆ ಒಬ್ಬರೇ ಇದ್ದಾಗ ಮಾತಾಡಿ, ಅವನ ನೋವನ್ನು ಮೊದಲು ಒಪ್ಪಿಕೊಂಡು ಮಾತಾಡಿ. ಯಾವ ಮಾತು ಅವನಿಗೆ ನಾಟಿದೆ, ಜಮೀನಿನದೋ, ಸಾಲದ್ದೋ, ಸ್ನೇಹಿತನೊಬ್ಬನ ವಿಚ್ಛೇದನದ್ದೋ ಎಂಬುದು ತಿಳಿದ ಮೇಲೆಯೇ ಅದಕ್ಕೆ ಕಾರಣ ಯಾರೆಂದು ಆ ವಿಡಿಯೊ ಹೇಳಿತು, ಹೇಳಿದವನಿಗೆ ಅದು ಹೇಗೆ ಗೊತ್ತು ಎಂದು ಕೇಳಿ. ನಿಮ್ಮ ಮನೆಯಲ್ಲೂ ಪಾಲಿನ ಪ್ರಶ್ನೆ ಇದ್ದರೆ ಅದನ್ನು ಮುಚ್ಚಿಟ್ಟು ಸ್ತ್ರೀವಾದದ ಬಗ್ಗೆ ಚರ್ಚಿಸಿದರೆ ಫಲವಿಲ್ಲ. ಬೋರಿನ ಸಾಲ, ತಂದೆತಾಯಿಯ ಆಸ್ಪತ್ರೆಯ ಖರ್ಚು, ಇಬ್ಬರ ಪಾಲು ಎಲ್ಲವನ್ನೂ ಒಂದೇ ಕಾಗದದ ಮೇಲೆ ಬರೆದು ಮಾತಾಡುವುದು ಮೇಲು. ಸೋದರತ್ತೆಯನ್ನು ತಿದ್ದಲು ಹೋಗಬೇಡಿ, ಅವರು ಏನೇನು ಸಹಿಸಿದರು ಎಂದು ಕೇಳಿ. ತನ್ನ ಕಷ್ಟಕ್ಕೆ ಮನೆಯವರಿಂದ ಗೌರವ ಸಿಕ್ಕಿದ ಹೆಂಗಸಿಗೆ ಸೊಸೆ ಅದನ್ನೇ ಪಡಬೇಕೆಂಬ ಹಟ ಕಡಿಮೆಯಾಗುವುದನ್ನು ಸ್ವಸಹಾಯ ಸಂಘಗಳ ಸಭೆಗಳಲ್ಲಿ ಕಂಡಿದ್ದೇನೆ.

ವಿದ್ಯಾರ್ಥಿಗಳ ವಿಷಯದಲ್ಲಿ ನಿಮಗೆ ಹೆಚ್ಚು ಅವಕಾಶವಿದೆ. ಸ್ತ್ರೀವಾದ ಒಳ್ಳೆಯದೇ ಕೆಟ್ಟದೇ ಎಂಬ ಚರ್ಚಾಸ್ಪರ್ಧೆ ಇಡಬೇಡಿ, ಅದರಲ್ಲಿ ಜೋರಾಗಿ ಮಾತಾಡುವವನು ಗೆಲ್ಲುತ್ತಾನೆ. ಅವರಿಗೇ ಬಂದ ಒಂದು ಸಂದೇಶವನ್ನು ತೆಗೆದುಕೊಂಡು, ಅಪರಾಧ ದಾಖಲೆಗಳ ಬ್ಯೂರೊದ ವರದಿ ಎಲ್ಲರಿಗೂ ತೆರೆದಿರುವುದರಿಂದ ಅದರ ಮೂಲ ಕೋಷ್ಟಕವನ್ನು ಅವರ ಕೈಯಲ್ಲೇ ಹುಡುಕಿಸಿ, ಸಂದೇಶದಲ್ಲಿ ಇರುವ ಯಾವ ಮಾತು ವರದಿಯಲ್ಲಿ ಇಲ್ಲ ಎಂದು ಗೆರೆ ಎಳೆಸಿ. ಫೋನಿನಲ್ಲಿ ‘ಆಸಕ್ತಿ ಇಲ್ಲ’ ಒತ್ತುವುದನ್ನೂ ವೀಕ್ಷಣೆಯ ಇತಿಹಾಸ ಅಳಿಸುವುದನ್ನೂ ಮಾಡಿಸಿ, ಒಂದು ವಾರದ ನಂತರ ಬರುವ ವಿಡಿಯೊಗಳು ಎಷ್ಟು ಬದಲಾದವೆಂದು ಅವರೇ ಹೋಲಿಸಲಿ. ಹುಡುಗಿಯೊಬ್ಬಳಿಗೆ ಬೆದರಿಕೆ ಬಂದರೆ ಅಥವಾ ಅವಳ ಚಿತ್ರವನ್ನು ಯಾರಾದರೂ ತಿರುಚಿ ಹಂಚಿದರೆ ಅದು ಅಭಿಪ್ರಾಯಭೇದವಲ್ಲ, ಅಪರಾಧ. ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ದೂರು ಕೊಡಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಾಲೇಜಿನಿಂದ ಪತ್ರ ಬರೆದು ವಕೀಲರೊಬ್ಬರನ್ನು ಕರೆಸಿ, ಕ್ರೌರ್ಯದ ಕಲಂ, ಬಂಧನದ ನಿಯಮ, ಜೀವನಾಂಶ, ಆಸ್ತಿಯ ಹಕ್ಕು ಇವನ್ನು ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಹೇಳಿಸಿ, ಗಂಡಸರ ಪರವಾಗಿ ಏಳುವ ಪ್ರಶ್ನೆಗಳಿಗೆ ಪೂರ್ತಿ ಸಮಯ ಕೊಡಿ. ಅದೇ ದಿನ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ, ಗಂಡಸರೂ ತಮ್ಮ ಕಷ್ಟ ಹೇಳಿಕೊಳ್ಳಬಹುದೆಂದು ತಿಳಿಸಿ. ಆ ಸಂಖ್ಯೆಯನ್ನು ನಿಮ್ಮ ತಮ್ಮನ ದರದ ಗುಂಪಿಗೆ ಅವನ ಕೈಯಿಂದಲೇ ಹಾಕಿಸಲು ಸಾಧ್ಯವಾದರೆ ಅದನ್ನೂ ಮಾಡಿ.